ನೆಲದ ಲೆಕ್ಕ

ಸಂಜೆ ಐದಕ್ಕೆ ಅಪ್ಪ ಮೆಕ್ಕೆಜೋಳದ ಹಿಟ್ಟು ಎರಚುತ್ತಿದ್ದ,
ಕೋಳಿಗೆ ಕಾಳು ಹಾಕುವ ಅದೇ ಕೈ, ಅಳತೆ ತಪ್ಪದು.
ಹೆಚ್ಚಾದರೆ ಹೆಂಗಸರು ಜಾರುತ್ತಾರೆ,
ಕಡಿಮೆಯಾದರೆ ಗಂಡಸರು ಎಡವಿ ಬ್ಯಾಂಡಿನವರನ್ನು ಬೈಯುತ್ತಾರೆ.
ಮೇಪಲ್ ಹಲಗೆ, ಅದರಡಿ ಬೆಂಡು, ಬೆಂಡಿನಡಿ ಕಂಬಳಿ,
ಅದರಡಿ ಕಂಬಗಳ ನಡುವೆ ಈರಿ ಸರೋವರ.
ಇಪ್ಪತ್ತಾರರಲ್ಲಿ ಬಾಗಿಲು ತೆರೆದ ದಿನ ಧಣಿ ಟ್ವೀಡಿ ಅಂದನಂತೆ:
"ಲುದ್ವಿಕ್, ಸೂರು ನನ್ನದು. ನೆಲ ನಿನ್ನದು."
ಅಪ್ಪ ಅದನ್ನು ಕಾಗದದಲ್ಲಿ ಬರೆಸಿಕೊಳ್ಳಲಿಲ್ಲ.

ಏಳಕ್ಕೆ ಗ್ರೀಬ್ ದ್ವೀಪಕ್ಕೆ ಕ್ಲೀವ್‌ಲ್ಯಾಂಡಿನ ಹಡಗು.
ಉಕ್ಕಿನ ಕಾರ್ಖಾನೆಯ ಹುಡುಗರು, ಉಗುರಲ್ಲಿ ಉಜ್ಜಿದರೂ ಹೋಗದ ಮಸಿ.
ಟೆಲಿಫೋನ್ ಆಫೀಸಿನ ಹುಡುಗಿಯರು,
ಕುಣಿಯುವ ಜೋಡು ಬೇರೆ, ಕಾಗದದ ಚೀಲದಲ್ಲಿ.
ಹತ್ತು ಸೆಂಟಿಗೆ ಒಂದು ಕುಣಿತ. ಮೂರು ನಿಮಿಷ.
ಮುಗಿದದ್ದೇ ನಾನೂ ಅಪ್ಪನೂ ಮಖಮಲ್ಲಿನ ಹಗ್ಗದ
ಒಂದೊಂದು ತುದಿ ಹಿಡಿದು ನಡೆಯಬೇಕು, ಬಲೆ ಎಳೆದ ಹಾಗೆ.
ಇನ್ನೂ ಕೈ ಬಿಡದ ಜೋಡಿಗಳು
ಮೂಲೆಯಲ್ಲಿ ಮೀನಿನಂತೆ ಒತ್ತೊತ್ತಾಗಿ ನಗುತ್ತಿದ್ದವು.
"ಒಂದೇ ಗಳಿಗೆ ತಡಿ ಮರಿ," ಅಂದ ಒಬ್ಬ,
"ಈಗ ಹೆಸರು ಹೇಳುವುದರಲ್ಲಿದ್ದಳು."
ಅಪ್ಪ ನಿಲ್ಲಲಿಲ್ಲ.
ನನಗೆ ಹನ್ನೆರಡು. ಎಷ್ಟು ಜನರ ಬಾಯಿಂದ
ಎಷ್ಟು ಹೆಸರು ಗುಡಿಸಿದೆನೋ.

ಆ ಆಗಸ್ಟಿನಲ್ಲಿ ಬಂದದ್ದು ಹದಿನಾಲ್ಕು ಜನರ ಬ್ಯಾಂಡು,
ಎಲ್ಲ ಕಪ್ಪು ಜನ, ಬಿಳಿ ಕೋಟು.
ಬರುವುದು ಕಲ್ಲಿದ್ದಲಿನ ಬಾಗಿಲಿಂದ, ಮಲಗುವುದು ಹಡಗಿನ ಹೊಟ್ಟೆಯಲ್ಲಿ.
ವೇದಿಕೆಯಿಂದ ನೆಲಕ್ಕೆ ಮೂರು ಮೆಟ್ಟಿಲು,
ಅದನ್ನು ಇಳಿಯುವಂತಿಲ್ಲ.
ಅಲೋಂಜೊ ಪೆಟಿಗ್ರೂ ಟ್ರಾಂಬೋನಿನ ಕೊಳವೆ ನೀಡಿದಾಗ
ಅದರ ತುದಿ ಮಾತ್ರ ಅಂಚು ದಾಟಿ
ನಮ್ಮ ಹಲಗೆಗಳ ಮೇಲೆ ಹೊಳೆದು ವಾಪಸು ಹೋಗುತ್ತಿತ್ತು.
ನಾನು ಹಗ್ಗ ಮರೆತು ಅದನ್ನೇ ನೋಡುತ್ತಿದ್ದೆ.

ಎರಡನೆಯ ದಿನ ಬೆಳಗ್ಗೆ ಬೀಗ ತೆಗೆದರೆ
ಮಿಕ್ಕ ಹಿಟ್ಟಿನಲ್ಲಿ ಗುರುತು.
ಜೋಡಿನದಲ್ಲ, ಕಾಲುಚೀಲದ್ದು.
ದೊಡ್ಡದೊಂದು ಜೊತೆ, ಪಕ್ಕಕ್ಕೆ ಸಣ್ಣದು,
ಎಡಗಾಲು ಕೊಂಚ ಎಳೆಯುವ ಸಣ್ಣದು:
ಒಗೆಯುವ ಕೋಣೆಯ ಯೂಲಾಗೆ ಹಾಗೇ ಎಳೆಯುತ್ತಿತ್ತು.
ಸುತ್ತು, ಮರುಸುತ್ತು, ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತದ್ದು.
ಅಪ್ಪ ಪೊರಕೆ ಊರಿ ಓದಿದ, ಪತ್ರಿಕೆ ಓದುವ ಹಾಗೆ.
"ಒಂದೂ ತಪ್ಪಿಲ್ಲ," ಅಂದ ಸ್ಲೊವೀನ್ ಭಾಷೆಯಲ್ಲಿ,
ಇನ್ನಾರಿಗೂ ತಿಳಿಯದಿರಲೆಂದು.
ಅಂದು ಗುಡಿಸಲಿಲ್ಲ. ಅದರ ಮೇಲೇ ಹೊಸ ಹಿಟ್ಟು ಎರಚಿದ.

ರಾತ್ರಿ ಎಂಟಕ್ಕೆ ಅದೇ ಅಪ್ಪ, ಅದೇ ಹಗ್ಗ.
ಇದನ್ನು ಬಿಟ್ಟು ಕಥೆ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ;
ನಾನು ಬಿಡುವುದಿಲ್ಲ.

ಆಮೇಲೆ ಯುದ್ಧ. ಕಿಟಕಿಗೆಲ್ಲ ಕಪ್ಪು ಪರದೆ.
ಹುಡುಗಿಯರು ಹುಡುಗಿಯರೊಂದಿಗೇ ಕುಣಿದರು,
ಯಾರು ಮುಂದಿಡಬೇಕು ಯಾರು ಹಿಂದಿಡಬೇಕು ಎಂದು ಜಗಳ.
ಹದಿನಾಲ್ಕು ಕುರ್ಚಿ ಒಂಬತ್ತಾಯಿತು, ಏಳಾಯಿತು.
ಯುದ್ಧ ಮುಗಿದು ಬಂದವರಿಗೆ ಮನೆ, ಮಗು, ಟೆಲಿವಿಷನ್;
ಹಡಗು ವಾರಕ್ಕೊಮ್ಮೆ, ಕೊನೆಗೆ ಅದೂ ಇಲ್ಲ.
ಐವತ್ನಾಲ್ಕರಲ್ಲಿ ಧಣಿಯ ಮಗ ಕಾಲಿಗೆ ಗಾಲಿ ಕಟ್ಟಿಸಿ
ಮಕ್ಕಳನ್ನು ಉರುಳಿಸಿದ. ಮೊದಲ ಗೀರು ಬಿದ್ದ ಸಂಜೆ
ಅಪ್ಪ ಬೀಗದ ಕೈ ಮೊಳೆಗೆ ನೇತುಹಾಕಿ ಬಂದ,
ಊಟಕ್ಕೆ ಕೂತ, ಉಪ್ಪು ಕಡಿಮೆ ಅಂದ.

ಅರವತ್ತೊಂದರಲ್ಲಿ ಹಲಗೆ ಹರಾಜು. ನಾವು ಕೊಂಡದ್ದು ಒಂದು,
ಎರಡು ಡಾಲರಿಗೆ. ಅಪ್ಪನ ನೆಲ.
ಅದೀಗ ನನ್ನ ಅಡುಗೆಮನೆಯ ಕಿಟಕಿಯಡಿ, ಬ್ರೆಡ್ಡು ಕುಯ್ಯಲು.
ಅಂಚಿನ ಗಾಡಿಯಲ್ಲಿ ಇನ್ನೂ ಹಳದಿ ಹಿಟ್ಟು,
ಅಂದಿನದೋ ನಿನ್ನೆಯದೋ ಗೊತ್ತಾಗದು.
ಇರುವೆ ಬರುತ್ತವೆ. ಮೊಮ್ಮಗಳು ಬಟ್ಟೆ ತರುತ್ತಾಳೆ.
ತಡಿ ಮರಿ, ಅನ್ನುತ್ತೇನೆ,
ಒಂದೇ ಗಳಿಗೆ.