ಹನ್ನೊಂದು ಸೆಕೆಂಡಿನ ಬೆನ್ನು

ಹೊಸ ಮಾನಿಟರ್ ಬಂದು ಎಂಟ ದಿನ.
ಪರದೆ ಮ್ಯಾಲಿನ ಪ್ಲಾಸ್ಟಿಕ್ ಹಾಳಿ ಇನ್ನೂ ಕಿತ್ತಿದ್ದಿಲ್ಲ ನಾನು.
ಗುಳೇದಗುಡ್ಡದಾಗ ಇಂಥಾದ್ದು ಮತ್ತೊಂದಿಲ್ಲ ಅಂತ
ಸ್ಟುಡಿಯೋಕ್ಕ ಬಂದವರಿಗೆಲ್ಲ
ಕೆಂಪು ಬಂಡಿ ಮ್ಯಾಲಿನ ಇರುವಿ ಸಾಲು ತೋರಸತಿದ್ದೆ:
ಎಣಸ್ರಿ ಬೇಕಾದ್ರ, ಕಾಲು ಆರೂ ಕಾಣತಾವ.

ಬನವ್ವ ಬರಗುಂಡಿ ಬಂದಳು, ಸೆರಗಿನಾಗ ಸುತ್ತಿದ ಸಿಡಿ.
ಎರಡು ಸಾವಿರದ ನಾಕನೇ ಇಸವಿ, ಯಾವುದೋ ಕೂಸಿಗೆ ಹೆಸರಿಟ್ಟ ದಿನ.
“ಇದರಾಗ ನಮ್ಮ ಸ್ವಾದರತ್ತಿ ಅದಾಳ.
ದೊಡ್ಡದು ಮಾಡಿ ತೋರಸು.”

ಮಾಡಿದೆ.
ತೊಟ್ಟಿಲು ಕರಗಿ ಹುಗ್ಗಿ ಆತು.
ಸುತ್ತ ನಿಂತ ಹೆಂಗಸರ ಮಾರಿ
ನೀರಾಗ ಬಿದ್ದ ಕುಂಕುಮದಂಗ ಹರಡಿದವು.
ಕೂಸಿಗೆ ಕಣ್ಣ ಇಲ್ಲ.
ಎಡಕ್ಕ ಬಲಕ್ಕ ಮಾತ್ರ ಅಚ್ಚುಕಟ್ಟು ಕರಿ ದಡಿ.

ಆಕಿ ಮೊದಲು ಮಾಡಿದ ಕೆಲಸ:
ಮೂಲಿ ಹಿಡದು ನನ್ನ ಪ್ಲಾಸ್ಟಿಕ್ ಹಾಳಿ ಪರ್ ಅಂತ ಕಿತ್ತಿದ್ದು.
ಆದರೂ ಮಸಕು.
“ಕೆಟ್ಟೈತೇನೋ ಇದು?”

ಕೆಟ್ಟಿಲ್ಲಬೇ, ಸಿಟ್ಟು ನುಂಗಿ ಹೇಳಿದೆ, ಲೆಕ್ಕ ಹಂಗ ಅದ.
ಸಿಡಿಯಾಗ ಇರೋ ಚುಕ್ಕಿ ಒಂದು ಲಕ್ಷ,
ಇಲ್ಲಿರೋ ಮನಿ ಎಂಬತ್ತಮೂರು ಲಕ್ಷ.
ಒಂದೊಂದು ಚುಕ್ಕಿ ಅರವತ್ತು ಮನಿ ತುಂಬಬೇಕು.
ಇಲ್ಲದ್ದು ಇದು ಎಲ್ಲಿಂದ ತರಬೇಕು?

ಬನವ್ವ ತಲಿ ಹಾಕಿದಳು.
“ಅಂದ್ರ, ಖಣ ಜಗ್ಗಿ ಸೀರಿ ಮಾಡೀದಿ.”

ಬಾಗಲಕೋಟಿಯೊಳಗ ಫೀ ಕೊಟ್ಟು ಆರು ತಿಂಗಳು ಕಲಿತರೂ
ಇಷ್ಟ ಮಾತು ಯಾರೂ ಹೇಳಿದ್ದಿಲ್ಲ.

ಆಕಿಗೆ ಮಾರಿ ಬೇಕಾಗಿದ್ದಿಲ್ಲ.
ಹನ್ನೊಂದು ಸೆಕೆಂಡು ಲಚ್ಚವ್ವ ತೊಟ್ಟಿಲು ತೂಗತಾಳ,
ಕ್ಯಾಮೆರಾಕ್ಕ ಬೆನ್ನು.
ಬೆನ್ನಿನ ಮ್ಯಾಲೆ ಖಣದ ಕುಬಸ. ಅದರ ಮ್ಯಾಲೆ
ಸೂರ್ಯನಾರಾಯಣ ಅಲ್ಲ, ಆನಿಹೆಜ್ಜಿ ಅಲ್ಲ,
ಆಕಿ ತಾನ ಕೂಡಿಸಿದ ಒಂದು ಚಿತ್ತಾರ.
ನಕ್ಷಿಹಾಳಿ ಇಲಿ ತಿಂದಾವ.
ಕುಬಸ ಆಕಿ ಸಂಗಾಟನ ಮಣ್ಣಾಗ ಹೋತು.

ಚುರುಕು ಬುದ್ಧಿಯ ಸಾಫ್ಟ್‌ವೇರ್ ಒಂದಿತ್ತು, ಅದನ್ನೂ ಹಚ್ಚಿದೆ.
ಎಲ್ಲಾರಿಗೂ ಒಂದ ನಮೂನಿ ಮೂಗು ಕೊಟ್ಟಿತು,
ಲಚ್ಚವ್ವನ ಬೆನ್ನಿಗೆ ಗುಲಾಬಿ ಬಿಡಿಸಿತು, ಎಲಿ ಸಮೇತ.
“ತಗಿ ಅದನ್ನ. ಕೇಳಿದ್ದಕ್ಕ ಗೊತ್ತಿಲ್ಲ ಅನ್ನಾಕ ಬರೂದಿಲ್ಲೇನು ಇದಕ?”

ತಗದೆ. ನುಣುಪು ಮಾಡೋ ಗುಂಡಿನೂ ಆರಿಸಿದೆ.
ಹುಗ್ಗಿ ಗಟ್ಟಿಯಾಗಿ ಬರೇ ಚೌಕ ನಿಂತವು,
ಕೆಂಪು, ಕರಿ, ಕೊಳಕು ಬಿಳಿ.
ನನಗ ನಾಚಿಕಿ. ಆಕಿ ಚಸ್ಮಾ ಏರಿಸಿದಳು:
“ಇದ ಅಲ್ಲೇನೋ ನಕ್ಷಿಹಾಳಿ!”

ಹಿಂದ ಸರದಳು. ಹೊಸ್ತಿಲ ದಾಟಿದಳು. ರಸ್ತೆ ದಾಟಿ
ಚುರಮರಿ ಅಂಗಡಿ ಕಟ್ಟಿ ಏರಿ ಅಲ್ಲಿಂದ ಕೂಗಿದಳು:
“ಬರಕೋ! ಮೂರು ಕೆಂಪು, ಒಂದು ಬಿಟ್ಟು, ಮತ್ತ ಎರಡು!”
ಪೆನ್ಸಿಲ್ ಹಿಡದು ಪರದೆ ಮುಂದ ಕುಂತ ನನಗ
ಅಂಗೈಯಷ್ಟು ಚೌಕ ಬಿಟ್ಟು ಏನೂ ಇಲ್ಲ.
ಕಬ್ಬಿನ ಟ್ರ್ಯಾಕ್ಟರ್ ಎರಡು ಡಬ್ಬಿ ಕಟಗೊಂಡು ನಡುವ ಹೋತು.
ಅದು ಹೋಗೂತನಕ ಚಿತ್ತಾರ ಅರ್ಧಕ್ಕ ನಿಂತಿತ್ತು.

ಒಂದು ಚೌಕ ಮಾತ್ರ ಬಗೆಹರೀಲಿಲ್ಲ.
ಕೆಂಪೂ ಅಲ್ಲ, ಕರಿನೂ ಅಲ್ಲ.
ಅಲ್ಲಿ ಏನು ಬರೀಲಿ, ಕೂಗಿದೆ, ಅದು ಎಳಿ ಅಲ್ಲಬೇ,
ತೊಟ್ಟಿಲು ತೂಗುವಾಗ ಆಕಿ ಭುಜ ಅಳ್ಳಾಡೇದ, ಅದರ ಕಲಿ.

ಆ ಕಡೆಯಿಂದ ಬನವ್ವ ಬಾಳೊತ್ತು ನೋಡಿದಳು.
ಚುರಮರಿಯಾವ ನೋಡಿದ. ಸೈಕಲ್ ಇಳದ ಇಬ್ಬರು ನೋಡಿದರು.

“ಇರಲಿ ಬಿಡು,” ಅಂದಳು.
“ಅದನ್ನೂ ನೇಯತೀನಿ.”