ಇಪ್ಪತ್ಮೂರು ಪ್ರತಿ

ಮೈದಾ ಅಂಟಿಗೆ ಮೈಲುತುತ್ತ ಬೆರಸಾಕತ್ತಿದ್ದೆ, ಆಕಿ ಬಂದಾಗ.
ಬಾಗಲಕೋಟಿ ನವನಗರ, ತಗಡಿನ ಶೆಡ್ಡು,
ಹೊರಗ ಹಲಗಿ: ಜೀನಗಾರ ಬೈಂಡಿಂಗ್ ವರ್ಕ್ಸ್,
ಕೀರ್ದಿ, ಖಾತೆ, ಹಾಜರಿ ಪುಸ್ತಕ.
ಹೆಸರು ಅನಸೂಯಾ ಮುರನಾಳ ಅಂದ್ಳು.
ಉಗುರಿನ ಸಂದ್ಯಾಗ ಕರೇ ಶಾಯಿ,
ಬಗಲಾಗ ಹಳೇ ಸೀರ್ಯಾಗ ಸುತ್ತಿದ ಹಾಳಿಗೋಳ ಗಂಟು.
‘ಇವು ಕನಸಿನ ಚಿತ್ರ ಕಾಕಾ. ಅರ್ಥ ಹುಡುಕಬ್ಯಾಡ್ರಿ.
ಹೊಲದು ಕೊಡ್ರಿ, ಸಾಕು.’

ನಾ ಯಾಕ ಹುಡುಕಲಿ?
ಮೂವತ್ತೈದು ವರ್ಷ ಮಂದಿ ಲೆಕ್ಕ ಹೊಲದೇನಿ,
ಒಂದ ದಿನ ಯಾರ ಬಾಕಿ ಎಷ್ಟಂತ ಓದಿಲ್ಲ.

ರಟ್ಟಿಗೆ ಹೊದಸಾಕ ಗುಳೇದಗುಡ್ಡದ ಖಣ ತಂದಿದ್ಲು,
ಕೆಂಪಿನ ಮ್ಯಾಲ ಆನಿಹೆಜ್ಜಿ.
ಮಗ್ಗ ಬಿಚ್ಚಿಟ್ಟ ಒಬ್ಬ ಮುದುಕನ ಕಡೀ ತುಂಡಂತ.
ಅಳದ್ವಿ, ತಿರುವಿ ಅಳದ್ವಿ, ಕತ್ತರಿ ಇಟ್ವಿ:
ಇಪ್ಪತ್ಮೂರು.
‘ಸೀಮಿತ ಆವೃತ್ತಿ’ ಅಂತ ನಕ್ಕಳು.
ಅರಿವಿ ತೀರಿತು ಅನ್ನು ತಂಗಿ, ಅದು ಖರೇ ಮಾತು.

ಮಡಚೂ ಮುಂದ ಕಣ್ಣಿಗೆ ಬೀಳತಾವು, ಏನ ಮಾಡೂದು.
ಒಂದು ಹಾಳ್ಯಾಗ ಬಸ್ಸಿನ ತುಂಬ ಬಾಗಲಾ ಕುಂತಾವು,
ಎಲ್ಲಾವೂ ಟಿಕೇಟು ಹಿಡಕೊಂಡು;
ಕಂಡಕ್ಟರಗ ಕೈ ಇಲ್ಲ, ಕೈ ಇರೂ ಜಾಗಾದಾಗ ಎರಡು ಕೊಂಡಿ.
ಇನ್ನೊಂದ್ರಾಗ ಹೊಲಿಗಿ ಮಷೀನು
ನೀರಿನ ಅಂಚಿಗೆ ಫಾಲ್ ಹಚ್ಚತೈತಿ,
ಪೆಡಲ್ ತುಳಿಯೂದು ಮೀನು.
ಮತ್ತೊಂದು: ಚಂದ್ರ ಇರಬೇಕಾದಲ್ಲಿ ಜ್ವಾಳದ ರೊಟ್ಟಿ,
ರೊಟ್ಟಿ ಮ್ಯಾಲ ಐದು ಬೆರಳ ಗುರುತು,
ಕೆಳಗ ಒಂದು ಮಾಳಿಗಿಮನಿ
ಮೊಣಕಾಲ ಮಟ ಸೀರಿ ಎತಿಗೊಂಡು
ಹಿನ್ನೀರು ದಾಟತೈತಿ.

ಆ ರಾತ್ರಿ ನಿದ್ದಿ ಹತ್ತಲಿಲ್ಲ.

ಮುಂಜಾನೆ ಬಂದಕೂಡ್ಲೆ ಅಂದೆ:
ತಂಗಿ, ನಿನ್ನ ಕನಸಿನ್ಯಾಗ ಒಂದು ತಪ್ಪೈತಿ.
ಬಾಗಲಾ ಬಸ್ಸಿನ್ಯಾಗ ಹೋಗಲಿಲ್ಲ, ಟ್ರ್ಯಾಕ್ಟರಿನ್ಯಾಗ ಹೋದವು.
ನಮ್ಮ ಬಾಗಲದ ಮ್ಯಾಲ ನಮ್ಮವ್ವ ಕುಂತಿದ್ಲು,
ಎಲ್ಲಿ ಜಾರತೈತೋ ಅಂತ ಚಿಲಕ ಹಿಡಕೊಂಡು.
ಮೀನಿಂದು ಮಾತ್ರ ಖರೇ.
ನೀರು ಇಳಿದ ಬ್ಯಾಸಗ್ಯಾಗ ನಮ್ಮ ಓಣಿಗೆ ಹೋಗಿದ್ದೆ;
ದರ್ಜಿ ನಾರಾಯಣಸಾನ ಅಂಗಡಿ ಕಟ್ಟಿ ಮ್ಯಾಲ
ನಾಕು ಮೀನು ಒಣಗಿ ಕುಂತಿದ್ದವು,
ಅಳತಿ ಕೊಡಾಕ ಬಂದು ಸಾಕಾದವರಂಗ.

ಆಕಿ ಬರಕೊಳ್ಳಲಿಲ್ಲ. ನಗಲೂ ಇಲ್ಲ.
ಕಪ್ಪಿನ್ಯಾಗ ಚಹಾ ಕೆನಿಗಟ್ಟಿತು.
‘ನಾ ಹುಟ್ಟಿದ್ದ ಇಲ್ಲೇ, ಸೆಕ್ಟರಿನ್ಯಾಗ.
ಆ ಊರು ಕಂಡೇ ಇಲ್ಲ ಕಾಕಾ.’

ಛಾಪು ಮುಗದ ಮ್ಯಾಲ ಒಂದು ಕೆಲಸ ಮಾಡಿದ್ಲು.
ಲಿನೋ ಅಚ್ಚುಗೋಳ್ನ ಸಾಲಾಗಿ ಇಟ್ಟು
ಮೂಲಿಯಿಂದ ಮೂಲಿಗೆ ಚಾಕುಲೆ ಗೆರಿ ಎಳದ್ಳು,
ಬಸ್ಸಿನ ಮ್ಯಾಲ, ರೊಟ್ಟಿ ಮ್ಯಾಲ, ಮೀನಿನ ಮ್ಯಾಲ.
‘ಇನ್ನೊಮ್ಮೆ ಯಾರೂ ಅಚ್ಚು ಹಾಕಬಾರದಲ್ಲ, ಅದಕ.
ಇದು ಪದ್ಧತಿ.’
ಪದ್ಧತಿ ನನಗ ಗೊತ್ತೈತಿ.
ಸರ್ವೇದವ ಕೆಂಪು ಬಣ್ಣದ ಡಬ್ಬಿ ತಂದು
ನಮ್ಮ ಪಡಸಾಲಿ ಗ್ವಾಡಿಗೆ ಹಿಂಗ ಗೆರಿ ಹೊಡದು
ನಂಬರ ಬರದು ಹೋಗಿದ್ದ.
ಒಳ್ಳೇ ಹುಡುಗ. ನೀರು ಕೇಳಿ ಕುಡದಿದ್ದ.

ಹೊಲಿಗಿ ಮುಗೀತು. ಮೇಣ ತಿಕ್ಕಿದ ದಾರ, ಐದು ತೂತು,
ಸುತ್ತಿಗಿಲೆ ಬೆನ್ನು ಬಡದು ಗುಂಡಗ ಮಾಡಿದೆ.
ಬೆನ್ನಿನ ಒಳಗ ಹಚ್ಚಾಕ ರದ್ದಿ ಬೇಕು,
ಹೊಸಾ ಹಾಳಿ ಅಲ್ಲಿ ತಾಳೂದಿಲ್ಲ.
ಅಟ್ಟದ ಮ್ಯಾಲಿನ ಪೆಟಗಿ ಇಳಿಸಿದೆ:
ಹಳೇ ಪ್ಯಾಟಿದೊಂದು ಉದ್ರಿ ವಹಿ,
ಬೈಂಡಿಗೆ ಕೊಟ್ಟವ ತಿರುಗಿ ಒಯ್ಯಾಕ ಬರಲಿಲ್ಲ;
ಅಂಗಡೀನ ನೀರಿಗೆ ಹೋತು.
ಇಪ್ಪತ್ಮೂರು ಪಟ್ಟಿ ಹರದೆ.
ಪೆನ್ಸಿಲ್ಲಿನಿಂದ ಆಕಿ ನಂಬರ ಹಾಕಿ ಸಹಿ ಮಾಡಿ
ಪುಣೆಕ ಎಷ್ಟು, ಬೆಳಗಾವಿಗೆ ಎಷ್ಟು ಅಂತ ಎಣಸೂ ಮುಂದ
ನಾ ಸುಮ್ಮನ ಕುಂತಿದ್ದೆ.

ಆಕಿಗೆ ಹೇಳಿಲ್ಲ.
ಖಣ ಹರದು, ರಟ್ಟು ಕಿತ್ತು, ಅಂಟು ಬಿಚ್ಚಿದವರಿಗಷ್ಟ
ಅದು ಕಾಣೂದು.
ಏಳನೇ ಪ್ರತಿಗೆ ಹಚ್ಚೂ ಪಟ್ಟಿ ಮಾತ್ರ, ಯಾಕೋ,
ಬೆಳಕಿಗೆ ಹಿಡದು ಓದಿದೆ:

ಗಿರಿಮಲ್ಲಪ್ಪ, ಕುಸುಬಿ ಎಣ್ಣಿ, ಎರಡು ಸೇರು.
ಬಾಕಿ ಹನ್ನೊಂದು ರೂಪಾಯಿ.
ನಾಳೆ ಕೊಡತೇನಂದಾನ.