ಅನಾಮತ್ತು

ಹಗಲು ನನ್ನ ಟೇಬಲ್ಲಿನ ಮೇಲೆ ಅರ್ಹತಾ ಪಟ್ಟಿ,
ಸಂಜೆ ಅದೇ ಟೇಬಲ್ಲಿನ ಖಾನೆಯಿಂದ ಉದ್ದನೆಯ ಕೆಂಪು ವಹಿ.
ಎರಡರಲ್ಲೂ ಅವೇ ಹುಡುಗರ ಹೆಸರು,
ಎರಡರಲ್ಲೂ ನನ್ನದೇ ಕೋಳಿಕಾಲು ಅಕ್ಷರ.

ಬಳ್ಳಾರಿ ಕಂಟೋನ್ಮೆಂಟಿನ ಮೈದಾನದಲ್ಲಿ
ಕಾಲೇಜು ಹಾಕಿ ಶುರುವಾಯಿತೆಂದರೆ
ಸ್ಟಾಫ್ ರೂಮು, ಲ್ಯಾಬು, ಕ್ಯಾಂಟೀನು, ಗೇಟಿನ ಪಂಪಾಪತಿ,
ತಲೆಗೆ ಆರು ಆಟಗಾರರನ್ನು ಆರಿಸಿ ಚೀಟಿ ಕೊಡುತ್ತಾರೆ.
ದುಡ್ಡಿಲ್ಲ. ಸೋತವರು ಒಗ್ಗರಣಿ ಮಿರ್ಚಿ ತಿನ್ನಿಸಬೇಕು, ಅಷ್ಟೆ.

ನಿಯಮ ಬರೆದವನು ನಾನು. ಹಾಗಾಗಿ ಆಡುವಂತಿಲ್ಲ.
ಇದೂ ನಾನೇ ಬರೆದ ನಿಯಮ.

ಹೊಡೆದವನ ಲೆಕ್ಕ ಸುಲಭ: ಗೋಲಿಗೆ ಐದು.
ತಡೆದವನದು ಮೂರು ವರ್ಷದ ಜಗಳ.
ಗೋಲು ಬಿಡದಿದ್ದರೆ ಹತ್ತು ಅಂತ ಮೊದಲು ಇಟ್ಟೆ.
"ಚೆಂಡ ಬರಲಾರದ ಗೋಲಿನಾಗ ನಿಂತು ಆಕಳಿಸಿದವಂಗೂ ಹತ್ತೇನ್ರಿ?"
ಅಂದರು ಭೌತಶಾಸ್ತ್ರದ ತಾಯಮ್ಮ ಮೇಡಂ.
ತಿದ್ದಿದೆ. ತಡೆದ ಪ್ರತಿ ಚೆಂಡಿಗೆ ಎರಡು,
ಬಿಟ್ಟದ್ದಕ್ಕೆ ಮೂರು ಕಡಿತ, ಸ್ಟ್ರೋಕ್ ತಡೆದರೆ ಆರು.
"ಕಂಬಕ್ಕ ಬಡದು ಹೊಳ್ಳಿ ಹೋದದ್ದು?"
ಕಂಬದ ಹೆಸರು ಪಟ್ಟಿಯಲ್ಲಿಲ್ಲ, ಅಂದೆ.

ಟಾಸಿನ ಮೇಲೆ ಚೀಟಿ ಬದಲಿಸುವ ಹಾಗಿಲ್ಲ.
ಆರಿಸಿದವನು ಇಳಿಯದಿದ್ದರೆ ಸೊನ್ನೆ.
ಬದಲಿಗೆ ಇಳಿದವನ ಅಂಕ
ಅವನನ್ನೇ ಹೆಸರಿಟ್ಟು ಆರಿಸಿದವರಿಗೆ ಮಾತ್ರ.

ಹೋದ ಮಾರ್ಚಿನಲ್ಲಿ ಹದಿನೇಳು ಚೀಟಿ.
ಹದಿನೇಳರಲ್ಲೂ ಗೋಲ್‌ಕೀಪರ್ ಒಬ್ಬನೇ, ಗಾದಿಲಿಂಗ.
ಅವನ ಹಾಜರಿ ನನ್ನ ಹಗಲಿನ ಪಟ್ಟಿಯಲ್ಲಿತ್ತು:
ಎಪ್ಪತ್ನಾಲ್ಕು ಪಾಯಿಂಟ್ ಆರು.
ಎಪ್ಪತ್ತೈದಾಗಲು ಪೆನ್ನಿನ ತುದಿ ಸಾಕಿತ್ತು.
'ಪೂರ್ಣಾಂಕಕ್ಕೆ ಏರಿಸತಕ್ಕದ್ದಲ್ಲ' ಅಂದಿತು ಸುತ್ತೋಲೆ.
ಕೆಂಪು ವಹಿಯಲ್ಲಿ ಅರ್ಧ ಅಂಕ ಬಂದಾಗಲೆಲ್ಲ
ಏರಿಸುತ್ತ ಬಂದ ಕೈ ಇದೇ.
ಅನರ್ಹ. ಠಸ್ಸೆ ಒತ್ತಿದೆ.
ಸಂಜೆ ಚೀಟಿ ಇಸಿದುಕೊಳ್ಳುವಾಗ ಬಾಯಿ ಬಿಡಲಿಲ್ಲ.
ಬಿಟ್ಟಿದ್ದರೆ ವಹಿ ಕೆಡುತ್ತಿತ್ತು,
ಬಿಡದ್ದಕ್ಕೆ ರಾತ್ರಿಯೂಟ ಕೆಟ್ಟಿತು.

ಮರುದಿನ ಗಾದಿಲಿಂಗನೇ ಮಂಡಿಯೂರಿ ಪ್ಯಾಡು ಕಟ್ಟುತ್ತಿದ್ದ,
ಬೇರೆಯವನ ಕಾಲಿಗೆ.
ಶಾಕ್ಷಾವಲಿ, ಬಿಕಾಂ ಎರಡನೇ ವರ್ಷ,
ರಾತ್ರಿ ಪಾಳಿ ಜೀನ್ಸ್ ವಾಷಿಂಗಿನಲ್ಲಿ.
ಉಗುರು ನೀಲಿ, ಮೊಣಕೈಯ ಗೆರೆಗಳು ನೀಲಿ.
ಹಾಜರಿ ಎಂಬತ್ತೊಂದು.
ಯಾವಾಗ ಮಲಗುತ್ತಾನೋ,
ಅದಕ್ಕೆ ನನ್ನ ಪಟ್ಟಿಯಲ್ಲಿ ಕಾಲಂ ಇಲ್ಲ.

ರಾಯಚೂರಿನವರು ಬಂದರು, ಬಂದರು, ಬರುತ್ತಲೇ ಇದ್ದರು.
ಹಿಂದೆ ಗುಡ್ಡದ ಬಂಡೆ ಕಾದ ಹೆಂಚು,
ಮುಂದೆ ಮೊರಂ ಮಣ್ಣಿನಲ್ಲಿ ಎಲ್ಲಿ ಪುಟಿಯುತ್ತದೋ ಹೇಳಲಾಗದ ಚೆಂಡು.
ಎದೆಗೊಂದು. ಒದ್ದದ್ದೊಂದು. ಮಲಗಿ, ಎದ್ದು, ಮತ್ತೆ ಮಲಗಿ ಒಂದು.
ನಾನು ಗೀಟು ಎಳೆಯುತ್ತ ಹೋದೆ, ಐದಕ್ಕೊಂದು ಅಡ್ಡಗೀಟು.
ಹನ್ನೊಂದಾಯಿತು.
ಮೇಲೊಂದು ಸ್ಟ್ರೋಕ್, ಎಡಗೈ ಬೆರಳ ತುದಿಗೆ.
ಮುಗಿಯಲು ಮೂರು ನಿಮಿಷವಿದ್ದಾಗ ಒಂದು ಒಳಗೆ ಹೋಯಿತು,
ನಮ್ಮ ಫುಲ್‌ಬ್ಯಾಕಿನ ಕೋಲಿಗೇ ಸವರಿ.
ಸೋತೆವು.

ಇಪ್ಪತ್ತೆರಡು, ಕೂಡಿಸು ಆರು, ಕಳೆ ಮೂರು.
ಇಪ್ಪತ್ತೈದು.
ಈ ವಹಿಯಲ್ಲಿ ಯಾವ ಗೋಲ್‌ಕೀಪರಿಗೂ ಬೀಳದ ಅಂಕ.
ಆರಿಸಿದವರು: ಯಾರೂ ಇಲ್ಲ.

"ಗಾದಿಲಿಂಗನ ಬದ್ಲಿಗೇ ಇಳದಾನ, ನಮಗ ಹಂಚ್ರಿ" ಅಂದ ಪಂಪಾಪತಿ.
"ನಿಯಮ ಏನೈತಿ?" ತಾಯಮ್ಮ ಮೇಡಂ, ಗೊತ್ತಿದ್ದೇ.
ಬಜ್ಜಿಯ ಎಣ್ಣೆಗೈಯಲ್ಲಿ ಎಲ್ಲರೂ ನನ್ನ ಪೆನ್ನು ನೋಡುತ್ತಿದ್ದಾಗ
ಅವನೇ ಬಂದ, ಹೆಲ್ಮೆಟ್ಟು ಸ್ಟೋರಿಗೆ ಒಪ್ಪಿಸಲು.
"ಇಲ್ಲೇನು ಸಹಿ ಸರ್? ಪಾಳಿಗೆ ಲೇಟಾಗ್ತೈತಿ."
ವಹಿ ಕಂಡಿತೋ ಇಲ್ಲವೋ.
ಸಹಿಯ ಪಕ್ಕ ಹೆಬ್ಬೆರಳಿನ ಬೆವರು ಒಂದು ನೀಲಿ ಚುಕ್ಕೆ ಬಿಟ್ಟಿತು.

ಯಜಮಾನ ಸಿಗದ ಹಣಕ್ಕೆ ಆಫೀಸಿನಲ್ಲಿ ಒಂದು ಖಾತೆಯಿದೆ.
ಖರ್ಚಲ್ಲ, ಪೂರಾ ಜಮೆಯೂ ಅಲ್ಲ;
ಯಾರದೆಂದು ತಿಳಿಯುವ ತನಕ ಗೋಡೆಗೊರಗಿ ಕೂತಿರುತ್ತದೆ.
ವಹಿಯ ಕೊನೆಯ ಪುಟಕ್ಕೆ ಗೆರೆ ಹೊಡೆದು ಬರೆದೆ:
ಅನಾಮತ್ತು, ೨೫.

ಈ ವರ್ಷ ಹೊಸ ವಹಿ.
ಮೊದಲ ಸಾಲು, ಆರಂಭದ ಶಿಲ್ಕು, ಅದೇ ಇಪ್ಪತ್ತೈದು.
ಗಾದಿಲಿಂಗನ ಹಾಜರಿ ಬಂದಿದೆ, ಎಂಬತ್ತರ ಮೇಲಿದೆ.
ಶಾಕ್ಷಾವಲಿಯದು ನಾಳೆ ಬರುತ್ತದೆ.
ಒಣಗಿದ ಠಸ್ಸೆ ಪ್ಯಾಡಿಗೆ ಶಾಯಿ ಹನಿಸುತ್ತಿದ್ದೇನೆ,
ಉಗುರೆಲ್ಲ ನೀಲಿ.